ಕೆಮ್ಮಿದರೆ ಗಂಟೆ

ದಾವಣಗೆರೆಯ ನಮ್ಮ ಶಾಲೆಯಲ್ಲಿ ಮೂವತ್ತೆಂಟು ವರ್ಷ ಗಂಟೆ ಹೊಡೆದವನು ನಾನು. ನಾನು ಊಟದ ಗಂಟೆ ಹೊಡೆದರೆ ಆಚೆ ಬಾತಿ ಊರಿನವರೆಗೂ ಕೇಳಿಸಿ, ಅಲ್ಲಿನ ಎತ್ತುಗಳು ನೊಗ ಇಳಿಸ್ರಿ ಅಂತ ಕತ್ತು ಬಗ್ಗಿಸುತ್ತಿದ್ದವು. ಸುಳ್ಳು ಅನ್ನೋರು ಆ ಎತ್ತುಗಳನ್ನೇ ಕೇಳಬೇಕು. ಅವೀಗ ಇಲ್ಲ. ಗಂಟೆಯೂ ಗುಜರಿಗೆ ಹೋಯ್ತು.

ನಾನು ಶಾಲೆ ಕಲಿತವನಲ್ಲ, ಆದರೆ ಕಲಿಸೋರ ಕಷ್ಟ ಕಂಡವನು. ನಾಳೆ ನನ್ನ ಮೊಮ್ಮಗಳು ಹರಿಹರದ ಶಾಲೆಯೊಂದಕ್ಕೆ ವಿಜ್ಞಾನದ ಟೀಚರಾಗಿ ಸೇರಬೇಕು. "ಮಕ್ಕಳು ನಂಗೆ ಗೊತ್ತಿಲ್ಲದ್ದು ಕೇಳಿದ್ರೆ ಏನ್ ಮಾಡ್ಲಿ? ನಾ ಹೋಗಲ್ಲ ತಾತ" ಅಂತ ಮುಖ ಊದಿಸಿಕೊಂಡು ಕೂತಿದ್ದಳು.

"ಬಳಪ ಹುಟ್ಟಿದಾಗಿನಿಂದ ಇದು ನಡೆದೇ ಐತೆ ಬಿಡವ್ವ. ನಾ ಹೇಳ್ತೀನಿ, ನೀ ಬರ್ಕೊ" ಅಂದೆ.

೧. ಎಡಕ್ಕೆ ತುಂಗೆ

ಭೂಗೋಳದ ಮೇಷ್ಟ್ರು ಹರಿಹರದಿಂದ ಬರೋರು. ಒಂದಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹರಿಹರದ ಹೊಳೆಯಾಗೆ ತುಂಗೆ ನೀರು ಯಾವುದು, ಭದ್ರೆ ನೀರು ಯಾವುದು?" ಅಂದಳು.

ಮೇಷ್ಟ್ರು ತಡ ಮಾಡಲಿಲ್ಲ. "ಎಡಕ್ಕೆ ತುಂಗೆ, ಬಲಕ್ಕೆ ಭದ್ರೆ."

"ಈ ದಡದಾಗೆ ನಿಂತ್ರಾ ಸಾರ್, ಆ ದಡದಾಗೆ ನಿಂತ್ರಾ?"

ಮೇಷ್ಟ್ರು ಕೆಮ್ಮಿದರು. ನಮ್ಮ ಒಪ್ಪಂದವೇ ಅದು: ಯಾವ ಮೇಷ್ಟ್ರೇ ಸಿಕ್ಕಿಬೀಳಲಿ, ಅವರು ಕೆಮ್ಮಬೇಕು, ವರಾಂಡದಲ್ಲಿ ನಾನು ಗಂಟೆ ಹೊಡೆಯಬೇಕು. ಹೊಡೆದೆ. ಬಾಗಿಲು ದಾಟಿದ ಮೇಲೆ ಮೇಷ್ಟ್ರಿಗೆ ಧೈರ್ಯ ಬಂತು. ತಿರುಗಿ ನೋಡಿ, "ಸೇತುವೆ ಮ್ಯಾಲೆ ನಿಂತು ನೋಡ್ಬೇಕಮ್ಮ" ಅಂದರು.

೨. ಮುಂದಿನ ವರ್ಷದ ಪಾಠ

ವಿಜ್ಞಾನದ ಮೇಷ್ಟ್ರಿಗೆ ಕೆಮ್ಮೂ ಬ್ಯಾಡ, ನಾನೂ ಬ್ಯಾಡ. ಎಂಟನೇ ಕ್ಲಾಸಿನವನೊಬ್ಬ, "ಸಾರ್, ಭಟ್ಟಿಯಾಗೆ ಅಕ್ಕಿ ಹುರಿದ್ರೆ ಮಂಡಕ್ಕಿ ಆಗ್ತೈತೆ. ನಮ್ಮವ್ವ ಮನ್ಯಾಗೆ ಹುರಿದ್ರೆ ಯಾಕ ಸೀದು ಹೋಗ್ತೈತೆ?" ಅಂತ ಕೇಳಿದ.

"ಅದು ಒಂಬತ್ತರ ಪಾಠ ಕಣೋ."

ಪುಣ್ಯಾತ್ಮ ಒಂಬತ್ತಕ್ಕೆ ಬಂದು ಮತ್ತೆ ಕೇಳಿದ. "ಹತ್ತರಾಗೆ ಬರ್ತೈತೆ, ಕೂತ್ಕೋ."

ಹತ್ತಕ್ಕೂ ಬಂದ. ಮೇಷ್ಟ್ರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಇದು ಎಂಟರ ಪಾಠ ಅಲ್ಲೇನೋ? ಆಗ ಕೇಳೋದು ಬಿಟ್ಟು ಏನ್ ಮಾಡ್ತಿದ್ದೆ?"

೩. ನೆಗಡಿ

ನಮ್ಮ ಹೆಡ್ಮೇಷ್ಟ್ರಿಗೆ ಈ ಒಪ್ಪಂದ ಗೊತ್ತಿರಲಿಲ್ಲ. ಒಂದು ಚಳಿಗಾಲ ಅವರಿಗೆ ನಿಜವಾದ ನೆಗಡಿ ಆಯ್ತು. ಪ್ರಾರ್ಥನೆ ಮುಗಿಸಿ ಕೆಮ್ಮಿದರು, ಮೊದಲ ಪಿರಿಯಡ್ ಹೋಯ್ತು. ರಿಜಿಸ್ಟರ್ ತೆಗೆದು ಕೆಮ್ಮಿದರು, ಎರಡನೆಯದು ಹೋಯ್ತು. ನಾನು ಮಾತು ಕೊಟ್ಟವನು, ಬಿಡೋ ಹಂಗಿಲ್ಲ. ಹನ್ನೊಂದಕ್ಕೆಲ್ಲ ಏಳೂ ಪಿರಿಯಡ್ ಮುಗಿದು ಲೋಕಿಕೆರೆ ಮಕ್ಕಳು ಬಸ್ಸು ಹತ್ತಿದ್ದರು.

ಹೆಡ್ಮೇಷ್ಟ್ರು ಖಾಲಿ ಅಂಗಳಕ್ಕೆ ಬಂದು ಮೂಗು ಒರೆಸಿಕೊಂಡರು. "ಇವತ್ತು ಹೊತ್ತು ಹೋಗಿದ್ದೇ ತಿಳೀಲಿಲ್ಲ ನೋಡು."

೪. ಕೆಮ್ಮದ ಟೀಚರಮ್ಮ

ಆಮೇಲೊಬ್ಬ ಟೀಚರಮ್ಮ ಬಂದರು. ಅವರಿಗೂ ಅದೇ ಮಂಡಕ್ಕಿ ಪ್ರಶ್ನೆ ಬಿತ್ತು. ನಾನು ಸುತ್ತಿಗೆ ಹಿಡಿದು ಕಾದೆ. ಕೆಮ್ಮು ಬರಲೇ ಇಲ್ಲ.

"ನಂಗೂ ಗೊತ್ತಿಲ್ಲ. ನಡೀರಿ, ಗೊತ್ತಿದ್ದೋರನ್ನ ಕೇಳಣ" ಅಂತ ಇಡೀ ಕ್ಲಾಸನ್ನು ಮಂಡಕ್ಕಿ ಭಟ್ಟಿಗೆ ನಡೆಸಿಕೊಂಡು ಹೋದರು. ಭಟ್ಟಿಯವನು ಭತ್ತ ನೆನೆಸಿ ಬೇಯಿಸೋದು, ಕಾದ ಮರಳಲ್ಲಿ ಅಕ್ಕಿ ಹುರಿಯೋದು, ಎಲ್ಲ ತೋರಿಸಿದನಂತೆ. ನಾನಿಲ್ಲಿ ಗಂಟೆ ಹೊಡೆದೇ ಹೊಡೆದೆ, ಒಬ್ಬರೂ ವಾಪಸ್ ಬರಲಿಲ್ಲ. ಕೊನೆಗೆ ಭಟ್ಟಿಯವನೇ ಟೀಚರಮ್ಮನ ಹತ್ತಿರ ಮೆಲ್ಲಗೆ ಕೇಳಿದನಂತೆ, "ನಾ ಹೇಳಿದ್ದು ಪರೀಕ್ಷೆಗೆ ಬರ್ತೈತೇನ್ರಿ?"

೫. ನಮ್ಮನೆ ಗಡಿಯಾರ

ಇಷ್ಟು ಬರೆದು ಮೊಮ್ಮಗಳು ಪೆನ್ನು ಕೆಳಗಿಟ್ಟಳು.

"ತಾತ, ಬೆಳಗ್ಗೆಯಿಂದ ಮೂರು ಸಲ ಟೈಮ್ ಎಷ್ಟಾತು ಅಂತ ನನ್ನ ಕೇಳಿದಿ. ಎದುರಿಗೇ ಗಡಿಯಾರ ಐತೆ."

"ಕನ್ನಡಕ ಇಲ್ಲಲ್ಲವ್ವ."

"ಮೂಗಿನ ಮ್ಯಾಲೇ ಐತೆ. ನಿಂಗೆ ಗಡಿಯಾರ ನೋಡಾಕೇ ಬರಲ್ಲ, ಅಲ್ಲಾ? ಹಂಗಾದ್ರೆ ಮೂವತ್ತೆಂಟು ವರ್ಷ, ಯಾರೂ ಕೆಮ್ಮದ ದಿನ, ಗಂಟೆ ಹೆಂಗೆ ಹೊಡೀತಿದ್ದಿ?"

ನಾನು ಕೆಮ್ಮಿದೆ. ಗಂಟೆ ಹೊಡೆಯೋರು ಯಾರೂ ಇರಲಿಲ್ಲ. ಇನ್ನೊಂದು ಸಲ ಕೆಮ್ಮಿದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತಲೇ ಇದ್ದಳು.

"ನಂಗೂ ಗೊತ್ತಿಲ್ಲವ್ವ" ಅಂತ ಭುಜ ಕುಣಿಸಿದೆ.

"ಮಕ್ಕಳಿಗೂ ಅಷ್ಟೇ ಹೇಳಿದ್ರಾತು, ಅಲ್ಲಾ?" ಅಂತ ನಕ್ಕು, ನಾಳೆಯ ಸೀರೆಗೆ ಇಸ್ತ್ರಿ ಹಾಕಲು ಎದ್ದು ಹೋದಳು.