ಸೂಕ್ಷ್ಮರಾಯನ ಸಾಲಿಡ್ ಸ್ಟೇಟ್

"ಈ ಮನೇಲಿ ಒಂದೋ ಆ ಒಲೆ ಇರಬೇಕು, ಇಲ್ಲಾ ನಾನಿರಬೇಕು!"

"ಅದು ಒಲೆ ಅಲ್ಲ ಕಣೇ, ಆಂಪ್ಲಿಫೈಯರ್!"

"ಬೆಕ್ಕು ಬೆಚ್ಚಗೆ ಮಲಗೋದು ಅದರ ಮೇಲೆ, ನೀವು ಒದ್ದೆ ಕಾಲುಚೀಲ ಒಣಗಿಸೋದೂ ಅದರ ಮೇಲೆ. ಒಲೆ ಅನ್ನದೆ ಇನ್ನೇನನ್ನಲಿ?"

ಗಂಡ ತಿರುಗಿ ನೋಡಿದ. ಕಾಲುಚೀಲ ಇನ್ನೂ ಅಲ್ಲೇ ಇತ್ತು.

ಹಗಲೆಲ್ಲ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವ ಆಸಾಮಿ ಅವನು. ಅಂಥವನಿಗೆ ಇಷ್ಟು ನಾಜೂಕಿನ ಕಿವಿ ಎಲ್ಲಿಂದ ಬಂತೋ! ಮಿಲ್ಲಿನವರು ಅವನಿಗೆ ಸೂಕ್ಷ್ಮರಾಯ ಎಂದೇ ಹೆಸರಿಟ್ಟಿದ್ದರು. ಗರಗಸದ ಕಿರುಚಾಟವನ್ನು ಸಂಜೆ ಅವನ ಕಿವಿಯಿಂದ ತೊಳೆದು ಹಾಕುತ್ತಿದ್ದುದು ಆ ಹಳೆಯ ಪೆಟ್ಟಿಗೆಯೊಂದೇ. ಒಳಗಿನ ಗಾಜಿನ ಟ್ಯೂಬುಗಳು ಕೆಂಪಗೆ ಕಾದ ಮೇಲೆಯೇ ಬಾಯಿ ಬಿಡುವ ಜಾತಿ ಅದು. ಅದು ಹಾಡದ ದಿನ ಅವನಿಗೆ ನಿದ್ದೆಯಲ್ಲೂ ಗರಗಸ ತಿರುಗುತ್ತಿತ್ತು.

ಇವತ್ತು ರಜೆ. ಬೆಳಿಗ್ಗೆಯೇ ಹಾಕಿ ಕೂತಿದ್ದ. ಪೆಟ್ಟಿಗೆ ನಡುಹಾಡಿನಲ್ಲಿ ಕೊರಕೊರ ಗೊರಕೆ ಹೊಡೆದು, ಪಟ್ ಎಂದು ಸಿಡಿದು ಮೂಕವಾಯಿತು. ಏನೋ ಹೊತ್ತಿಕೊಂಡಿತೆಂದು ಹೆಂಡತಿ ಓಡಿ ಬಂದಳು. ಅವಳ ಬೆನ್ನ ಹಿಂದೆ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕಿಳಿಯಿತು. ಜಗಳಕ್ಕೆ ಇನ್ನೇನು ಬೇಕು?

ಜಗಳದ ಸದ್ದಿಗೆ ಮಹಡಿ ಮೇಷ್ಟ್ರು ಇಳಿದು ಬಂದರು. ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಕೆಳಮನೆಯ ಸಂಸಾರ ತಿದ್ದುವುದೇ ಉದ್ಯೋಗ.

"ಏನಮ್ಮಾ, ಏನಾಯ್ತು?"

"ಟ್ಯೂಬ್ ಹೋಯ್ತಂತೆ ಮೇಷ್ಟ್ರೇ."

ಮೇಷ್ಟ್ರು ಕತ್ತೆತ್ತಿ ಗೋಡೆ ನೋಡಿದರು. "ಉರೀತಾನೇ ಇದೆಯಲ್ಲಮ್ಮಾ?"

"ಆ ಟ್ಯೂಬ್ ಅಲ್ಲ, ಈ ಒಲೇದು!"

"ಓ, ಅದಾ! ಅದೆಲ್ಲಾ ಹಳೇ ಕಾಲದ್ದು, ಬಿಸಾಕಿ. ಈಗ ಏನಿದ್ರೂ ಸಾಲಿಡ್ ಸ್ಟೇಟು. ಒಳಗೆ ಗಾಜಿಲ್ಲ, ಬೆಂಕಿಯಿಲ್ಲ. ಅಂಗಡಿಯವನು ನನ್ನ ಶಿಷ್ಯ. ನಡೀರಿ, ಹಳೇದು ಕೊಟ್ಟು ಹೊಸದು ತರೋಣ."

"ಸಾಲಿಡ್ ಅಂದ್ರೆ ಗಟ್ಟಿ ಅಂತ ತಾನೆ? ಹಾಗಿದ್ರೆ ಅದನ್ನೇ ತನ್ನಿ," ಎಂದಳು ಹೆಂಡತಿ.

ಸೂಕ್ಷ್ಮರಾಯ ಹಳೆಯ ಪೆಟ್ಟಿಗೆಯನ್ನು ಜ್ವರದ ಮಗುವಿನಂತೆ ಎದೆಗವಚಿಕೊಂಡು ಹೊರಟ.

ಅಂಗಡಿಯಲ್ಲಿ ಅವನದೊಂದೇ ಷರತ್ತು. "ನಾನು ಕಣ್ಣು ಮುಚ್ಚಿ ಕೇಳೋನು. ಕಣ್ಣು ಬಿಟ್ರೆ ಬರೀ ಗುಂಡಿ, ದೀಪ ಕಾಣುತ್ತೆ, ಹಾಡು ಕಾಣಲ್ಲ." ಕಣ್ಣು ಮುಚ್ಚಿ ಕುರ್ಚಿಗೊರಗಿದ. ಮೇಷ್ಟ್ರು ಪಕ್ಕದಲ್ಲಿ ಕೂತರು. ಅಂಗಡಿಯವನು ಒಂದೊಂದೇ ಹಾಕತೊಡಗಿದ.

"ಇದು ತಟ್ಟೆ ತಿಕ್ಕಿದ ಹಾಗಿದೆ. ಬೇರೆ ಹಾಕಿ."

ಹಾಕಿದ.

"ಇದು ಆಸ್ಪತ್ರೆ ನೆಲ. ಕ್ಲೀನಾಗಿದೆ, ಕೂರೋಕೆ ಮನಸ್ಸು ಬರಲ್ಲ."

ಇನ್ನೊಂದು ಹಾಕಿದ.

"ಇದು ಗುಮಾಸ್ತ ಅರ್ಜಿ ಓದಿದ ಹಾಗಿದೆ!"

ಸ್ಕ್ರೂ ಬಿಚ್ಚುವ ಸದ್ದು, ಏನನ್ನೋ ಒರೆಸುವ ಸದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮೆಲ್ಲಗೆ, ಎಲ್ಲಿಂದಲೋ ಎದ್ದು ಬಂದಂತೆ, ಹಾಡು ಬಂತು. ಗಾಯಕಿ ಅವನ ಪಕ್ಕದಲ್ಲೇ ಕಂಬಳಿ ಹೊದ್ದು ಕೂತು ಹಾಡಿದ ಹಾಗಿತ್ತು. ಮುಚ್ಚಿದ ರೆಪ್ಪೆಯಡಿ ನೀರಾಡಿತು.

"ಇದೇ! ಇದೇ ಬೇಕು!"

"ಯಾವುದು ಸಾರ್?"

"ಈಗ ಹಾಡ್ತಿರೋದು ಕಣಯ್ಯಾ, ಇನ್ಯಾವುದು!"

"ಸಾರ್, ಅದು ನಿಮ್ಮ..."

ಮೇಷ್ಟ್ರಿಗೆ ಜೋರು ಕೆಮ್ಮು ಬಂತು. "ಕೇಳಿಸ್ಲಿಲ್ವೇನೋ? ಕೊನೇ ಡಬ್ಬ ಪ್ಯಾಕ್ ಮಾಡೋ!"

ಸೂಕ್ಷ್ಮರಾಯ ಕಣ್ಣು ತೆರೆಯಹೋದ. ಮೇಷ್ಟ್ರು ಅಂಗೈ ಅಡ್ಡ ಹಿಡಿದರು. "ಹಾಡು ಮುಗಿಯೋವರೆಗೂ ತೆರೀಬೇಡಿ. ರುಚಿ ಕೆಡುತ್ತೆ."

ತೆರೆದಾಗ ರಟ್ಟಿನ ಡಬ್ಬ ಟೇಪು ಅಂಟಿಸಿಕೊಂಡು ತೊಡೆಯ ಮೇಲಿತ್ತು. "ನೀವು ನಡೀರಿ, ಶಿಷ್ಯನ ಹತ್ರ ಸ್ವಲ್ಪ ಮಾತಿದೆ," ಎಂದು ಮೇಷ್ಟ್ರು ಹಿಂದುಳಿದರು.

ಮನೆಯಲ್ಲಿ ಹೊಸ ಪೆಟ್ಟಿಗೆ ಗುಂಡಿ ಒತ್ತಿದ ಕೂಡಲೇ ಹಾಡಿತು. ಸೂಕ್ಷ್ಮರಾಯನ ಮುಖ ಇಳಿಯಿತು. ಗುಂಡಿ ತಿರುವಿದ, ಸ್ಪೀಕರ್ ಸರಿಸಿದ, ಕಿಟಕಿ ಮುಚ್ಚಿದ. ಗುಮಾಸ್ತ ಅರ್ಜಿ ಓದುತ್ತಲೇ ಇದ್ದ.

"ಎಷ್ಟು ಸ್ಪಷ್ಟವಾಗಿದೆ ರೀ! ಆಯಮ್ಮ ಉಸಿರೆಳೆಯೋದೂ ಕೇಳುತ್ತೆ."

"ಉಸಿರು ಕೇಳುತ್ತೆ ಕಣೇ, ಹಾಡೇ ಕೇಳ್ತಿಲ್ಲ."

ಸೋತು ಅದನ್ನು ಆರಿಸಿದ. ಆದರೂ ಹಾಡು ನಿಲ್ಲಲಿಲ್ಲ! ಕಂಬಳಿ ಹೊದ್ದ ಅದೇ ದನಿ ಸೂರಿನಿಂದ ಇಳಿದು ಬರುತ್ತಿತ್ತು. ಸೂಕ್ಷ್ಮರಾಯ ಬರಿಗಾಲಲ್ಲೇ ಮಹಡಿ ಹತ್ತಿದ.

ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಎದುರಿಗೆ ಅವನ ಹಳೆಯ ಪೆಟ್ಟಿಗೆ, ಕೆಂಪಗೆ.

"ಮೇಷ್ಟ್ರೇ! ಇದು ನಂದು!"

"ಆಗಿತ್ತು. ಒಂದು ಟ್ಯೂಬಿನ ಕಾಲು ಸಡಿಲವಾಗಿತ್ತಂತೆ, ಅಷ್ಟೇ. ಶಿಷ್ಯ ಒರೆಸಿ ಒತ್ತಿದ, ಹಾಡ್ತು. ನೀವು ಕಣ್ಣು ಮುಚ್ಚಿದ್ರಿ, ನಾನು ಬಿಟ್ಟಿದ್ದೆ."

"ಹಳೇ ಕಾಲದ್ದು, ಬಿಸಾಕಿ ಅಂದೋರು ನೀವೇ ಅಲ್ವೇನ್ರೀ?"

"ಇಷ್ಟು ದಿನ ಸೂರಿನ ಮೂಲಕ ಕೇಳಿದ್ದೆ. ಎದುರಿಗೆ ಕೇಳಿದ್ದು ಇವತ್ತೇ."

"ವಾಪಸ್ ಕೊಡಿ!"

"ಅದಕ್ಕೇನಂತೆ, ಈಗಲೇ ಒಯ್ಯಿರಿ. ಒಂದೇ ಮಾತು, ಮೊದಲು ಮನೆಯವರನ್ನ ಕೇಳ್ಕೊಂಡು ಬನ್ನಿ. ಅದು ಒಳಗೆ ಬಂದ್ರೆ ತಾನು ಹೊರಗೆ ಅಂತ ಕೂಗಿದ್ದು ನನಗೂ ಕೇಳಿಸ್ತು."

ಸೂಕ್ಷ್ಮರಾಯ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಇಳಿದು ಬಂದ. ಹೆಂಡತಿ ಗಲ್ಲಕ್ಕೆ ಕೈಯಿಟ್ಟು ಸೂರು ನೋಡುತ್ತಿದ್ದಳು.

"ಏನು ಇಂಪು ರೀ! ಮೇಷ್ಟ್ರು ಹೊಸ ಸೆಟ್ ತಂದ್ರಾ? ತಂದ್ರೆ ಅಂಥದ್ದು ತರಬೇಕು. ನಿಮ್ಮ ತಲೆಗೆ ಆರಿಸೋಕೇ ಬರಲ್ಲ. ಮತ್ತೆ ಈಗ ಬದಲಾಯಿಸ್ತೀನಿ ಗಿದಲಾಯಿಸ್ತೀನಿ ಅಂತ ಮಾತ್ರ ಹೊರಡಬೇಡಿ."

ಸೂಕ್ಷ್ಮರಾಯ ಹೊಸ ಪೆಟ್ಟಿಗೆಯ ಪಕ್ಕ ಕುಕ್ಕರಿಸಿದ. ಅಷ್ಟರಲ್ಲಿ ಬೆಕ್ಕು ಹೊಸ ಪೆಟ್ಟಿಗೆಯ ಮೇಲೆ ಹತ್ತಿ, ಒಂದು ಸುತ್ತು ತಿರುಗಿ, ಮುದುರಿ ಮಲಗಿತು. ಹೊಟ್ಟೆಗೆ ತಣ್ಣಗೆ ತಾಗಿತೋ ಏನೋ, ಎದ್ದಿತು. ಸೂಕ್ಷ್ಮರಾಯನ ಮುಖವನ್ನೊಮ್ಮೆ ನೋಡಿ, ಬಾಲ ಎತ್ತಿಕೊಂಡು ಬಾಗಿಲು ದಾಟಿ ಮಹಡಿ ಮೆಟ್ಟಿಲು ಹತ್ತಿತು.

ಹತ್ತಿದ್ದು ಕಂಡಿತು. ಇಳಿದದ್ದನ್ನು ಯಾರೂ ಕಾಣಲಿಲ್ಲ.