ಹನ್ನೊಂದು ಸೆಕೆಂಡಿನ ಮೌನವನ್ನು ಕಾಪಾಡಿದ ತಂತ್ರಾಂಶಕ್ಕೆ

ಮಾನ್ಯ ಚಿತ್ರಸಂಕಲನ ತಂತ್ರಾಂಶದವರೇ,

ನೆಲ್ಯಹುದಿಕೇರಿಯ ನಮ್ಮ ಕಾಫಿ ಕಣದ ಮೂಲೆಯಿಂದ, ಅಂದರೆ ತೋಟದಲ್ಲಿ ಸಿಗ್ನಲ್ ಸಿಗುವ ಏಕೈಕ ಜಾಗದಿಂದ, ಲ್ಯಾಪ್‌ಟಾಪನ್ನು ತಲೆಯ ಮೇಲೆ ಎತ್ತಿ ಹಿಡಿದು ಸಲ್ಲಿಸುವ ನಮಸ್ಕಾರಗಳು.

ಯಾರು ಎಲ್ಲಿದ್ದರೂ ಒಂದೇ ಚಿತ್ರವನ್ನು ಕೂಡಿ ತಿದ್ದಬಹುದೆಂಬ ತಮ್ಮ ಹೊಸ ಕ್ಲೌಡ್ ಸೌಲಭ್ಯವನ್ನು ನಂಬಿ, ನಾನು ಇಲ್ಲಿಂದಲೂ ಸಂಕಲನಕಾರ ಪ್ರಜ್ಞೇಶ್ ಕುಶಾಲನಗರದ ತನ್ನ ಸ್ಟುಡಿಯೋದಿಂದಲೂ ಲಿಂಗಿಯವರ ಕುರಿತ ಸಾಕ್ಷ್ಯಚಿತ್ರಕ್ಕೆ ಕೈ ಹಾಕಿದೆವು. ನಲವತ್ತು ವರ್ಷ ಕಾಫಿ ಕೊಯ್ದ ಲಿಂಗಿ, ಹೊಳೆ ತಮ್ಮ ಮನೆಯನ್ನು ಕೊಂಡೊಯ್ದ ದಿನವನ್ನು ಹೇಳುತ್ತಾ ನಡುವೆ ಹನ್ನೊಂದು ಸೆಕೆಂಡು ಸುಮ್ಮನಾಗುತ್ತಾರೆ. ಎಂ.ಎ. ಮಾಡಿ, ಇಪ್ಪತ್ತೈದು ವರ್ಷ ಕವಿತೆ ಓದಿ ಕೆಟ್ಟಿರುವ ನನಗೆ ಆ ಮೌನವೇ ಇಡೀ ಚಿತ್ರ. ಪ್ರಜ್ಞೇಶನಿಗೆ ಅದು ಹನ್ನೊಂದು ಸೆಕೆಂಡು.

ಅವನು ಕತ್ತರಿಸಿದ, ನಾನು ಕಣಕ್ಕೆ ಹತ್ತಿ ಮರಳಿ ಸೇರಿಸಿದೆ. "ಅಕ್ಕ, ಇಲ್ಲಿ ಏನೂ ಇಲ್ವಲ್ಲ" ಎಂದು ಅವನು ಟಿಪ್ಪಣಿ ಹಾಕಿದ. ನಾನು ಕೆಳಗೆ ನಾಲ್ಕು ಪುಟದ ಉತ್ತರ ಬರೆದೆ. ಇಬ್ಬರನ್ನೂ ಸಮಾನವಾಗಿ ಗೌರವಿಸಿದ ತಾವು ಒಂದು ದಿನ ಮೌನವನ್ನು ಎರಡು ಸಲ ಇಟ್ಟಿರಿ, ಮರುದಿನ ಲಿಂಗಿಯವರನ್ನೇ ತೆಗೆದಿರಿ. ಇಂಥ ನಿಷ್ಪಕ್ಷಪಾತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೋಟದ ಕೆಲಸಗಾರರ ಲೈನ್ ಮನೆಗಳ ಅಂಗಳದಲ್ಲಿ ಪ್ರದರ್ಶನವಿದ್ದ ಭಾನುವಾರ ಬೆಳಗ್ಗೆ, ಉಳಿಯಬೇಕಾದ್ದು ನಿಮ್ಮ ಪ್ರತಿಯೋ ಅವರದೋ ಎಂದು ತಾವು ಬಲು ವಿನಯದಿಂದ ಕೇಳಿದಿರಿ. 'ನನ್ನದು' ಎಂಬುದರ ಬಗ್ಗೆ ನಾನು ಅರ್ಧ ಗಂಟೆ ಚಿಂತಿಸುವಷ್ಟರಲ್ಲಿ ಬೇಸತ್ತು ನನ್ನನ್ನು ಹೊರಹಾಕಿದಿರಿ. ಮತ್ತೆ ಒಳಬಂದವಳೇ ಗಾಬರಿಯಲ್ಲಿ 'ನನ್ನದು' ಒತ್ತಿದೆ. ನನ್ನ ಪ್ರತಿಯಲ್ಲಿ ಉಳಿದಿದ್ದದ್ದು ಪ್ರಜ್ಞೇಶ್ ಗದ್ದಲವನ್ನೆಲ್ಲ ತೊಳೆದು ತೆಗೆಯುವ ಮೊದಲಿನ ಧ್ವನಿ ಎಂದು ತಮಗೆ ತಿಳಿದಿತ್ತು. ಚಿತ್ರೀಕರಣದ ದಿನ ದೂರದ ಮರದಡಿ ಕೂತು ಶೀರ್ಷಿಕೆ ಯೋಚಿಸುತ್ತಿದ್ದ, ಆಮೇಲೆ ಅವನು ತೊಳೆದ ಧ್ವನಿಯನ್ನಷ್ಟೇ ಕೇಳಿದ್ದ ನನಗೆ ಗದ್ದಲವಿತ್ತೆಂದೇ ತಿಳಿದಿರಲಿಲ್ಲ.

ಸಂಜೆ ಎಲ್ಲರೆದುರು ಆ ಹನ್ನೊಂದು ಸೆಕೆಂಡು ಬಂತು. ಅದರ ತುಂಬ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಗರ್ಜನೆ. ಮುಂದೆ ಕೂತಿದ್ದ ಲಿಂಗಿ ಪಕ್ಕದ ಕಾಳಮ್ಮನಿಗೆ ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು: "ಆ ಹಾಳು ಮಿಶಿನ್ ನಿಲ್ಲಲಿ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ ಕಣೇ. ಈಯಮ್ಮ ಅದನ್ನೂ ಬಿಟ್ಟಿಲ್ಲ ನೋಡು!"

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಯಂತ್ರ ನಿಂತಿತು. ಪರದೆಯ ಲಿಂಗಿ "ಒಲೆ ಮೇಲೆ ಅನ್ನ ಇತ್ತು" ಎಂದರು. ಆಮೇಲೆ ಅಂಗಳದಲ್ಲಿ ಬಿದ್ದ ಮೌನ ಎಷ್ಟು ಸೆಕೆಂಡಿನದೆಂದು ನಾನು ಎಣಿಸಲಿಲ್ಲ.

ಆದ್ದರಿಂದ, ಮುಂದಿನ ಆವೃತ್ತಿಯಲ್ಲಿ 'ನನ್ನದು', 'ಅವರದು' ಜೊತೆಗೆ 'ಲಿಂಗಿಯವರನ್ನು ಕೇಳು' ಎಂಬ ಮೂರನೆಯ ಗುಂಡಿಯನ್ನೂ ಇಟ್ಟು, ಸ್ನಾತಕೋತ್ತರ ಪದವೀಧರರಿಗೆ ಅದೊಂದೇ ಕಾಣುವಂತೆ ಮಾಡಬೇಕೆಂದು ಪ್ರಾರ್ಥಿಸುವ,

ಸಿಗ್ನಲ್ ಇರುವಷ್ಟು ಹೊತ್ತು ತಮ್ಮ ವಿಶ್ವಾಸಿ,
ಯಮುನಾ

ತಾ.ಕ.: ಆ ಮೌನದ ಮೇಲೆ ನಾನು ಬರೆದ ನಾಲ್ಕು ಪುಟಗಳನ್ನು ಏಳು ಸಲ ಅಳಿಸಿದ್ದೇನೆ, ಪ್ರಜ್ಞೇಶನ ಪರದೆಯಲ್ಲಿ ಪ್ರತಿ ಬೆಳಗ್ಗೆ ಮತ್ತೆ ಮೂಡುತ್ತಿವೆಯಂತೆ. ಅವನ ಮೂರು ವಾರದ ಕೆಲಸವನ್ನು ಒಂದೇ ಗಳಿಗೆಯಲ್ಲಿ ಕಳೆದ ತಾವು ಇದೊಂದನ್ನು ಮಾತ್ರ ಇಷ್ಟು ಜೋಪಾನ ಮಾಡಬೇಕೆ?