ನನ್ನ ರೆಪ್ಪೆ, ಊರಿನ ಕಣ್ಣೀರು

ಮೈಯಲ್ಲಿ ಬೇರೆಲ್ಲಿ ಚರ್ಮ ಒಣಗಿದರೂ ಅದು ನಮ್ಮ ಸ್ವಂತ ವಿಷಯ. ಕಣ್ಣಿನ ಸುತ್ತ ಒಣಗಿತೋ, ಅದು ಊರಿನ ವಿಷಯ. ಹುಣಸೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೇಟ್ರನ್ ಆಗಿ ಅರ್ಧ ಆಯುಷ್ಯ ಕಳೆದ ನನ್ನನ್ನು ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತಲೇ ಇರುತ್ತವೆ. ಆದರೆ ಹೋದ ಚಳಿಗಾಲದಲ್ಲಿ ಬಂದಷ್ಟು ಸಾಲುಸಾಲಾಗಿ ಯಾವತ್ತೂ ಬಂದಿರಲಿಲ್ಲ. ಅದೂ ಬರಬಾರದ ಹೊತ್ತಿನಲ್ಲಿ.

ಆಗ ನನಗೆ ಅರವತ್ತು ತುಂಬಿತ್ತು. ನಮ್ಮ ಟ್ರಸ್ಟಿನ ನಿಯಮದಂತೆ ಅದು ನಿವೃತ್ತಿಯ ವಯಸ್ಸು. ಕಮಿಟಿ ಮನಸ್ಸು ಮಾಡಿದರೆ ಇನ್ನೆರಡು ವರ್ಷ ಮುಂದುವರಿಸಬಹುದು. ನಾನು ಕೇಳಿಕೊಂಡಿದ್ದೆ. ಸೆಕ್ರೆಟರಿಯವರಿಗೋ ತಮ್ಮ ನಾದಿನಿಯನ್ನು ಆ ಕುರ್ಚಿಯಲ್ಲಿ ಕೂರಿಸುವ ಆಸೆ. ಆಕೆ ಒಮ್ಮೆ ಹಾಸ್ಟೆಲ್ ನೋಡಲು ಬಂದವರು ಹುಡುಗಿಯರ ಮಂಚದ ಮೇಲೆ ಕುಳಿತು ಕಡಲೆಕಾಯಿ ತಿಂದು, ಸಿಪ್ಪೆಯನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅಂಥವರ ಕೈಗೆ ಹಾಸ್ಟೆಲಿನ ಬೀಗದ ಕೈ ಕೊಡುವುದು ನನ್ನಿಂದಾಗದ ಮಾತು. ಸೆಕ್ರೆಟರಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದದ್ದು ಒಂದೇ: "ಮೇಡಂಗೆ ವಯಸ್ಸಾಯ್ತು, ಮೊದಲಿನ ಥರ ಆಗಲ್ಲ."

ಕಮಿಟಿ ಸೇರುವ ದಿನ ಗೊತ್ತಾದ ಮೇಲೆ ನನ್ನ ಎರಡೂ ಕಣ್ಣಿನ ರೆಪ್ಪೆ ಒಣಗಿ, ಹೊಟ್ಟು ಎದ್ದು, ಕೆಂಪಾಗಿ ಉರಿಯತೊಡಗಿದವು. ನೀರು ಬೇರೆ ಸುರಿಯುತ್ತಿತ್ತು.

ಕಣ್ಣಲ್ಲಿ ಕಣ್ಣಿಟ್ಟು

ನಾನು ಓದಿದ್ದು ಕಾನ್ವೆಂಟಿನಲ್ಲಿ. ಮಾತಾಡುವಾಗ ಎದುರಿಗಿರುವವರ ಕಣ್ಣನ್ನು ನೋಡಿ ಮಾತಾಡಬೇಕು ಎಂದು ಸಿಸ್ಟರ್‌ಗಳು ಕಲಿಸಿದ್ದರು. ನನ್ನ ಹಾಸ್ಟೆಲಿನಲ್ಲೂ ಅದೇ ನಿಯಮ. ನೆಲ ನೋಡಿಕೊಂಡು ರಜೆ ಕೇಳಿದವರಿಗೆ ನಾನು ರಜೆ ಕೊಡುವುದಿಲ್ಲ.

ಆದರೆ ಕೆಂಪು ಕಣ್ಣು ಎಂದರೆ ನಮ್ಮ ಹುಡುಗಿಯರಿಗೆ ಮದ್ರಾಸ್ ಐ. ಕಾಯಿಲೆಯವರ ಕಣ್ಣನ್ನು ನೋಡಿದರೆ ನಮಗೂ ಅಂಟುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗಿ ಊರಿಗೆ ಹೋಗಲು ಅನುಮತಿ ಕೇಳಲು ಬಂದಳು. ನನ್ನ ತಲೆಯ ಹಿಂದಿನ ಕ್ಯಾಲೆಂಡರ್ ನೋಡುತ್ತ ಮಾತಾಡಿದಳು.

"ನನ್ನ ಕಣ್ಣು ನೋಡಿ ಮಾತಾಡು" ಎಂದೆ.

"ಮುಂದಿನ್ ವಾರ ಪರೀಕ್ಷೆ ಐತೆ ಮೇಡಂ."

"ಇದು ಅಂಟುವ ಕಾಯಿಲೆಯಲ್ಲ. ಒಣ ಚರ್ಮ, ಅಷ್ಟೇ."

"ಊ ಮೇಡಂ" ಎಂದವಳು ಕ್ಯಾಲೆಂಡರಿನಿಂದ ಫ್ಯಾನಿಗೆ ಹೋದಳು. ನಾನು ದನಿ ಏರಿಸಿದೆ. ಅವಳು ಬ್ಯಾಗಿನಿಂದ ಕೂಲಿಂಗ್ ಗ್ಲಾಸ್ ತೆಗೆದು ಹಾಕಿಕೊಂಡು, ನನ್ನನ್ನು ನೆಟ್ಟಗೆ ನೋಡಿ, ಮೊದಲಿನಿಂದ ಎಲ್ಲವನ್ನೂ ಹೇಳಿದಳು. ನಿಯಮದಲ್ಲಿ ಕನ್ನಡಕದ ಮಾತಿರಲಿಲ್ಲ. ರಜೆ ಕೊಟ್ಟೆ.

ಮರುದಿನ ಬೆಳಗಿನ ಪ್ರಾರ್ಥನೆಗೆ ಹೋದಾಗ ಇಡೀ ಸಾಲು ಕಪ್ಪು ಕನ್ನಡಕದಲ್ಲಿ ನಿಂತಿತ್ತು. ಅದು ಸಿಕ್ಕದವರು ಅಣ್ಣಂದಿರ ಬೈಕಿನ ಗಾಗಲ್ಸ್ ತರಿಸಿ ಹಾಕಿಕೊಂಡಿದ್ದರು. ಎಲ್ಲರೂ ನನ್ನ ಕಣ್ಣಲ್ಲೇ ಕಣ್ಣಿಟ್ಟು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಅಷ್ಟು ಶಿಸ್ತನ್ನು ನಾನು ಆ ಹಾಸ್ಟೆಲಿನಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಎರಡು ತೊಟ್ಟು ಹಾಲು

ಅಡುಗೆಯಾಕೆಗೆ ನನ್ನ ಮೇಲೆ ಭಯಕ್ಕಿಂತ ಪ್ರೀತಿ ಹೆಚ್ಚು. ಅದೇ ತೊಂದರೆ. ಹರಳೆಣ್ಣೆ ಹಚ್ಚಿ ಎಂದಳು, ಬೇಡವೆಂದೆ. ನಂದಿಬಟ್ಟಲು ಹೂ ನೆನೆಸಿದ ನೀರು ತಂದಳು, ಗಿಡಕ್ಕೆ ಸುರಿಯಲು ಹೇಳಿದೆ. ಕೊನೆಗೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡಿ ಅಮ್ಮ, ಕಣ್ಣುರಿಗೆ ಬಾಣಂತಿ ಎದೆಹಾಲ್ಗಿಂತ ಮದ್ದಿಲ್ಲ. ಎರಡೇ ಎರಡು ತೊಟ್ಟು. ನಮ್ಮವ್ವ ಬುಟ್ಟಿದ್ಳು, ನಂಗೆ ವಾಸಿ ಆಗಿತ್ತು."

"ಆ ಮಾತು ಇನ್ನೊಮ್ಮೆ ನನ್ನ ಮುಂದೆ ಎತ್ತಬೇಡ" ಎಂದೆ.

ಅವಳು ಎತ್ತಲಿಲ್ಲ. ಮಾತಿನ ಬದಲು ಬಾಣಂತಿಯನ್ನೇ ಕರೆತಂದಳು. ತಂಗಿಯ ಮಗಳಂತೆ. ತಲೆಗೆ ಬಟ್ಟೆ ಬಿಗಿದು, ಕಂದನನ್ನು ಮಡಿಲಲ್ಲಿಟ್ಟುಕೊಂಡು, ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಅವರನ್ನು ಹಿಂದಿನ ಬಾಗಿಲಿನಿಂದ ಕಳಿಸುವಷ್ಟರಲ್ಲಿ ಮುಂದಿನ ಬಾಗಿಲಿನಿಂದ ಸೆಕ್ರೆಟರಿ ಒಳಗೆ ಬಂದರು.

ಮಗು ಅತ್ತಿತು.

ಹೆಣ್ಣುಮಕ್ಕಳ ಹಾಸ್ಟೆಲಿನೊಳಗೆ ಎಳೆಗೂಸಿನ ಅಳು ಕೇಳಿದರೆ ಸೆಕ್ರೆಟರಿಯಾದವರ ಮುಖ ಏನಾಗಬೇಕೋ ಅದೇ ಆಯಿತು. ಇದೊಂದು ಸಾಕಿತ್ತು ಅವರಿಗೆ.

"ಏನ್ ಮೇಡಂ ಇದು? ಹಾಸ್ಟೆಲಲ್ಲಿ ಬಾಣಂತಿ! ಯಾವ ರೂಮಿನ ಹುಡುಗಿ ಇದು? ಯಾರ್ ಕಾರಣ ಇದಕ್ಕೆಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಯಾಕೆ ಮುಂದೆ ಬಂದಳು. ನನ್ನನ್ನು ಕಾಪಾಡಲು ಬಂದಳು ಎಂಬುದನ್ನು ನಾನು ಇಂದಿಗೂ ನಂಬುತ್ತೇನೆ.

"ಹುಡ್ಗೀರದ್ದು ಏನೂ ಇಲ್ಲ ಕಣ್ರಯ್ಯ" ಎಂದಳು. "ಇದೆಲ್ಲ ಆಗಿರೋದು ನಮ್ ಮೇಡಮ್ಮೋರಿಂದ."

ಭೇರ್ಯದ ಸಾವಿನ ಮನೆ

ಅದೇ ವಾರ ನಮ್ಮ ಹಾಸ್ಟೆಲಿಗೆ ಹಾಲು ಹಾಕುತ್ತಿದ್ದ ಯಜಮಾನ ತೀರಿಕೊಂಡ. ಆತನ ಹುಟ್ಟೂರು ಕೆ.ಆರ್. ನಗರ ತಾಲೂಕಿನ ಭೇರ್ಯ, ಮಣ್ಣು ಮಾಡುವುದೂ ಅಲ್ಲೇ. ಹಾಲಿಗೆ ಆತ ನೀರು ಸೇರಿಸುತ್ತಾನೆಂದು ನಾನು, ಇಲ್ಲವೆಂದು ಆತ, ವರ್ಷಗಟ್ಟಲೆ ಜಗಳವಾಡಿದ್ದೆವು. ನಾನು ಪ್ರತಿ ಬೆಳಿಗ್ಗೆ ಆತನ ಕ್ಯಾನಿನಲ್ಲಿ ನೀರಿನಂಶ ಅಳೆಯುವ ಲ್ಯಾಕ್ಟೋಮೀಟರ್ ಇಳಿಸಿ ನೋಡುತ್ತಿದ್ದೆ. ಆದರೂ ಸಾವಿನ ಮನೆಗೆ ಹೋಗುವುದು ಕರ್ತವ್ಯ. ಹೋದೆ.

ಅಂಥ ಕಡೆ ನಾನು ಅಳುವವಳಲ್ಲ. ಎಲ್ಲರಿಗೂ ಗೊತ್ತು. ಹಾಗಾಗಿ ನಾನು ಸುರಿಯುವ ಕಣ್ಣಲ್ಲಿ ಅಂಗಳಕ್ಕೆ ಕಾಲಿಟ್ಟಾಗ ಚಪ್ಪರದ ಕೆಳಗೆ ಪಿಸುಮಾತೆದ್ದಿತು.

"ಮೇಡಮ್ಮೋರೂ ಅಳ್ತಾವ್ರೆ ಕಣೇ!"

ಪಕ್ಕದಲ್ಲಿ ಒಲೆ ಉರಿಯುತ್ತಿತ್ತು. ಹೊಗೆಗೆ ಕಣ್ಣು ಇನ್ನಷ್ಟು ಸುರಿಯಿತು. ನಾನು ಕರವಸ್ತ್ರ ಒತ್ತಿಕೊಂಡೆ, ಮತ್ತೂ ಸುರಿಯಿತು. ಆಗ ಆತನ ಹೆಂಡತಿಯೇ ಎದ್ದು ಬಂದು ನನ್ನ ಕೊರಳಿಗೆ ಬಿದ್ದಳು. ಆ ಕಡೆ ಹೆಂಗಸರು ಅಳುವುದೆಂದರೆ ಸತ್ತವರ ಗುಣವನ್ನು ರಾಗವಾಗಿ ಎತ್ತಿ ಆಡುವುದು.

"ಬಂಗಾರದಂಥ ಮನ್ಸಾ ಕಣಪ್ಪೋ... ಒಬ್ರಿಗೂ ಮೋಸ ಮಾಡ್ದೋನಲ್ಲ ಕಣಪ್ಪೋ... ಒಂದು ತೊಟ್ಟು ನೀರ್ ಬೆರಸ್ದೆ ಹಾಲ್ ಹಾಕ್ದಲ್ಲಪ್ಪೋ..."

ತಪ್ಪು ಹೇಳಿಕೆಯನ್ನು ತಿದ್ದದೆ ಬಿಟ್ಟವಳಲ್ಲ ನಾನು. ಆದರೆ ಕೊರಳು ಆಕೆಯ ಕೈಯಲ್ಲಿತ್ತು. ಅಷ್ಟರಲ್ಲಿ ಆಕೆ ರಾಗ ನಿಲ್ಲಿಸಿ ನನ್ನ ಗಲ್ಲ ಹಿಡಿದಳು. "ಯೋಳಿ ಮೇಡಂ, ಎಲ್ರ ಮುಂದೇನೂ ಯೋಳಿ. ದಿನಾ ಅಳ್ದು ನೋಡಿದ್ದು ನೀವೊಬ್ರೇ. ಇತ್ತಾ ನೀರು?"

ಇಡೀ ಚಪ್ಪರ ನನ್ನತ್ತ ನೋಡಿತು. ಒಲೆಯ ಹೊಗೆ ಮತ್ತೆ ನನ್ನತ್ತ ತಿರುಗಿತು, ಕಣ್ಣಿನಿಂದ ನೀರು ದಳದಳ ಇಳಿಯಿತು. ಆಕೆ ನನ್ನ ತಲೆಯನ್ನು ಎದೆಗೊತ್ತಿಕೊಂಡು ಊರಿಗೆಲ್ಲ ಸಾರಿದಳು.

"ನೋಡ್ರವ್ವ, ನೋಡ್ಕಳ್ರಿ! ನೀರಿತ್ತು ಅಂದೋರ ಕಣ್ಣಾಗೇ ನೀರು ತರ್ಸ್‌ಬುಟ್ಟ ನಮ್ಮೆಜಮಾನ!"

ಕೆ.ಆರ್. ನಗರದ ಬಸ್ಸು

ಭೇರ್ಯದ ಸುದ್ದಿ ನನಗಿಂತ ಮೊದಲೇ ಹುಣಸೂರು ಸೇರಿತ್ತು. ಕೆಲಸ ಹೋಗುತ್ತದೆಂಬ ಕೊರಗಿನಲ್ಲಿ ಮೇಡಂ ಕಂಡಕಂಡಲ್ಲಿ ಅಳುತ್ತಿದ್ದಾರೆ, ಇಂಥವರು ನೂರಾರು ಹುಡುಗಿಯರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಸೆಕ್ರೆಟರಿ ಹೇಳುತ್ತಿದ್ದರಂತೆ. ಇನ್ನು ತಡೆದರೆ ಕೆಟ್ಟೆ ಎಂದುಕೊಂಡು ಡಾಕ್ಟರ ಬಳಿ ಹೊರಟೆ. ಹುಣಸೂರಿನ ಯಾವ ಕ್ಲಿನಿಕ್ಕಿಗೆ ಹೋದರೂ ಅಲ್ಲೊಬ್ಬರು ಸೆಕ್ರೆಟರಿಯ ನೆಂಟರು ಕುಳಿತಿರುತ್ತಾರೆ. ಕೆ.ಆರ್. ನಗರಕ್ಕೆ ಬಸ್ ಹತ್ತಿದೆ.

ಪಕ್ಕದಲ್ಲಿ ಚುಂಚನಕಟ್ಟೆ ಕಡೆಯ ಹೆಂಗಸು, ಮಡಿಲಲ್ಲಿ ಸೊಪ್ಪಿನ ಚೀಲ. ನನ್ನ ಊದಿದ ರೆಪ್ಪೆಗಳನ್ನು ಬಹಳ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

"ತೆಪ್ ತಿಳ್ಕಬ್ಯಾಡಿ ಅಕ್ಕ. ಮನೇವ್ರು ಕೈ ಮಾಡ್ತಾರಾ?"

"ನನಗೆ ಮದುವೆಯಾಗಿಲ್ಲ" ಎಂದೆ. ಅಷ್ಟಕ್ಕೇ ಮಾತು ಮುಗಿಯುತ್ತದೆ ಎಂದುಕೊಂಡಿದ್ದೆ.

"ಅಯ್ಯೋ ಶಿವ್ನೇ! ಮದ್ವೆಗ್ ಮುಂಚೇನೇ ಇಂಗೆ ವಡೀತಾನಾ!"

ಮುಂದಿನ ಸೀಟಿನವರು ತಿರುಗಿದರು. ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನಾನ್ ಯೋಳೋದ್ ಕೇಳಿ ಅಕ್ಕ. ಅವ್ನ ಮಾತ್ರ ಕಟ್ಕಬ್ಯಾಡಿ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನನ್ನ ಮುಖವನ್ನೊಮ್ಮೆ ನೋಡಿ, ಬಹಳ ಗೌರವದಿಂದ ಸೇರಿಸಿದ: "ಊ ಕಣಮ್ಮ. ನಿಮ್ಗೇನ್ ಮಾ ವಯಸ್ಸಾಗೋಗೈತೆ? ಬ್ಯಾರೆ ಗಂಡು ಸಿಕ್ತದೆ ಬುಡಿ."

ಡಾಕ್ಟರ ಪ್ರಶ್ನೆ

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಕು ಹಿಡಿದು ನೋಡಿ, ಕಣ್ಣಿನ ಹತ್ತಿರ ಏನೇನು ತಾಗುತ್ತದೆ ಎಂದು ಕೇಳುತ್ತ ಹೋದರು. ಕಾಡಿಗೆ? ಇಲ್ಲ. ತಲೆಗೆ ಬಣ್ಣ? ಇಲ್ಲ. ಉಗುರಿಗೆ ಬಣ್ಣ? ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವರೇ ಮುಂದಿನ ಪ್ರಶ್ನೆಗೆ ಹೋದರು.

"ಶುಭ್ರವಾದ ಕರವಸ್ತ್ರ ಬಿಟ್ಟರೆ ಏನೂ ತಾಗಿಸುವುದಿಲ್ಲ" ಎಂದೆ.

ಅವರು ಕೈ ಚಾಚಿದರು. ಕೊಟ್ಟೆ. ಮೂಗಿನ ಬಳಿ ಹಿಡಿದು ಸೀನಿದರು.

"ಇದಕ್ಕೆ ಏನು ಹಾಕ್ತೀರಿ ಮೇಡಂ?"

"ಕೊಲೋನ್, ಸುಗಂಧದ ನೀರು. ಕಾನ್ವೆಂಟಿನ ದಿನದಿಂದಲೂ ದಿನಾ ನಾಲ್ಕು ಹನಿ."

"ಕಣ್ಣು ಉರಿದಾಗೆಲ್ಲ ಇದರಿಂದಲೇ ಒತ್ತಿಕೊಳ್ತೀರಾ?"

"ಇನ್ನೇನು, ಸೆರಗಿನಿಂದ ಒತ್ತಿಕೊಳ್ಳಲೇ?"

ಅವರು ನಗು ತಡೆದುಕೊಂಡು ವಿವರಿಸಿದರು. ರೆಪ್ಪೆಯ ಚರ್ಮ ತುಂಬ ತೆಳುವಂತೆ. ವರ್ಷಗಟ್ಟಲೆ ಸಹಿಸಿಕೊಂಡ ಸುಗಂಧವೇ ಒಂದು ದಿನ ಆಗದೆ ಹೋಗಬಹುದಂತೆ. ಕೊಲೋನ್, ಪೌಡರ್, ವಾಸನೆ ಸೋಪು ಎಲ್ಲ ಬಂದ್. ಬರೀ ತಣ್ಣೀರಲ್ಲಿ ತೊಳೆದು, ತೆಳುವಾಗಿ ಸಾದಾ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಉಜ್ಜಬಾರದು, ಒರೆಸಬಾರದು.

"ನೀರು ಸುರಿದರೆ?"

"ಸುರಿಯಲಿ ಬಿಡಿ. ಕರವಸ್ತ್ರ ಮಾತ್ರ ಮುಟ್ಟಬೇಡಿ. ಕಣ್ಣು ಬೇಕೋ, ಕರವಸ್ತ್ರ ಬೇಕೋ, ನೀವೇ ಹೇಳಿ."

ಯೋಚಿಸಲು ಸ್ವಲ್ಪ ಸಮಯ ಬೇಕೆಂದು ಕೇಳಿದೆ.

ಕಮಿಟಿ

ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ಉರಿ ಇಳಿಯಿತು, ಕೆಂಪು ತುಸು ಕಡಿಮೆಯಾಯಿತು. ನೀರು ಮಾತ್ರ ಇನ್ನೂ ನಿಂತಿರಲಿಲ್ಲ. ಅಷ್ಟರಲ್ಲಿ ಕಮಿಟಿಯ ದಿನ ಬಂತು. ಜೀವನದಲ್ಲಿ ಮೊದಲ ಬಾರಿಗೆ ನಾನು ಕರವಸ್ತ್ರವಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟೆ.

ಅಧ್ಯಕ್ಷರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರು. ಹರಾಜು ಕಟ್ಟೆಯಲ್ಲಿ ಬೆಲೆ ಬಿದ್ದರೂ ಎದ್ದರೂ ಮುಖದ ಒಂದು ಗೆರೆ ಅಲುಗದ ಮನುಷ್ಯ ಎಂದು ಅವರಿಗೆ ಹೆಸರು. ಪಕ್ಕದಲ್ಲಿ ಹೊಸ ಅಗ್ರಹಾರದ ನಿವೃತ್ತ ಮೇಷ್ಟರು, ಇನ್ನಿಬ್ಬರು ಸದಸ್ಯರು, ಎದುರಿಗೆ ಸೆಕ್ರೆಟರಿ. ನನ್ನ ಕುರ್ಚಿ ಸರಿಯಾಗಿ ಫ್ಯಾನಿನ ಕೆಳಗಿತ್ತು. ಜಾಗ ಬದಲಿಸಲು ಕೇಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಕುಳಿತೆ. ಗಾಳಿ ಬಡಿದೊಡನೆ ಎರಡೂ ಕಣ್ಣಿನಿಂದ ಧಾರೆ ಶುರುವಾಯಿತು. ಒರೆಸಬಾರದು ಎಂದಿದ್ದರಲ್ಲ, ಒರೆಸಲಿಲ್ಲ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. ನೀರು ಗಲ್ಲದವರೆಗೆ ಇಳಿದು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಸೆಕ್ರೆಟರಿ ಎದ್ದರು. "ನೋಡಿ, ನಾನು ಹೇಳಿದ್ದೇನು? ಮೇಡಂ ಬಗ್ಗೆ ಗೌರವ ಇದೆ. ಆದ್ರೆ ಕಣ್ಣು ಹೋಗಿದೆ. ಬೇಕಾದ್ರೆ ಇದನ್ನ ಓದ್ಲಿ ನೋಡೋಣ" ಎಂದು ಆ ದಿನದ ಪತ್ರಿಕೆಯನ್ನು ಮಡಿಸಿ, ಅತಿ ಸಣ್ಣ ಅಕ್ಷರದ ಜಾಹೀರಾತಿನ ಕಡೆ ತಿರುಗಿಸಿ ನನ್ನ ಮುಂದಿಟ್ಟರು.

ನೀರಿನ ಪರದೆಯ ಹಿಂದೆ ಅಕ್ಷರ ಈಜುತ್ತಿದ್ದವು. ತಪ್ಪಿದರೆ ಮುಗಿಯಿತು. ಒಂದು ಸಲ ರೆಪ್ಪೆ ಬಡಿದು, ಸ್ಪಷ್ಟ ದನಿಯಲ್ಲಿ ಓದಿದೆ.

"ಹಳೆಯ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಮೊದಲಿನಿಂದ ಒಂದೇ ಕಡೆ ದುಡಿದದ್ದು. ಈವರೆಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ."

ಎರಡು ಹನಿ ಪತ್ರಿಕೆಯ ಮೇಲೆ ಬಿದ್ದವು. ನಾನು ಮುಂದುವರಿಸಿದೆ.

"ಬಣ್ಣ ಮಾಸಿದೆ. ಎಂಜಿನ್ ಗಟ್ಟಿಯಿದೆ. ಇನ್ನೂ ದುಡಿಯುತ್ತದೆ. ಮಾಲೀಕರಿಗೆ ಬೇಡವಾದ ಕಾರಣ..."

"ಸಾಕು! ಸಾಕು ನಿಲ್ಸಿ ಮೇಡಂ!"

ಅಧ್ಯಕ್ಷರು ಎದ್ದು ನಿಂತಿದ್ದರು. ಹೆಗಲ ಟವೆಲ್ ಕಣ್ಣಿನ ಮೇಲಿತ್ತು. ಮೇಷ್ಟರು ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಳ್ಳುತ್ತಿದ್ದರು.

"ಕಣ್ಣು ಹೋಗೈತೆ ಅಂದ್ಯಲ್ಲಯ್ಯಾ" ಎಂದು ಅಧ್ಯಕ್ಷರು ಸೆಕ್ರೆಟರಿಯ ಮೇಲೆ ಗುಡುಗಿದರು. "ನಿನ್ ಕಣ್ಣು ಹೋಗಿರೋದು! ಇಷ್ಟ್ ವರ್ಸ ದುಡ್ದ ಎಣ್ಮಗಳ ಕೈಲಿ ಇಂಥಾದ್ನ ಓದುಸ್ತೀಯಲ್ಲ, ಮನ್ಸನಾ ನೀನು? ಎರಡು ವರ್ಸ ಮುಂದುವರ್ಸ್ಕಳಿ ಮೇಡಂ. ಅಳ್ಬ್ಯಾಡಿ."

ಕೆಲಸ ಉಳಿಯಿತು. ಆದರೆ ಕರುಣೆಯಿಂದ ಉಳಿಯುವುದು ನನಗೆ ಒಪ್ಪಿಗೆಯಿರಲಿಲ್ಲ. ಎದ್ದು ನಿಂತೆ.

"ಕ್ಷಮಿಸಿ. ನಾನು ಅಳುತ್ತಿಲ್ಲ. ಇದು ರೆಪ್ಪೆಯ ಚರ್ಮದ ತೊಂದರೆ. ಒರೆಸಬಾರದೆಂದು ಡಾಕ್ಟರು ಹೇಳಿದ್ದಾರೆ. ನಾನು ಅಳಲಿಲ್ಲ ಎಂಬುದನ್ನು ಈ ಸಭೆ ಒಪ್ಪಿಕೊಳ್ಳಬೇಕು. ಇಲ್ಲವಾದರೆ ನನಗೆ ಈ ಎರಡು ವರ್ಷ ಬೇಡ."

ಇಷ್ಟನ್ನು ಹೇಳುವಷ್ಟರಲ್ಲಿ ಫ್ಯಾನಿನ ಗಾಳಿಗೆ ನನ್ನ ಗಲ್ಲ, ಕುತ್ತಿಗೆ, ಸೀರೆಯ ಅಂಚು ಎಲ್ಲ ತೊಯ್ದಿದ್ದವು.

ಅಧ್ಯಕ್ಷರ ಟವೆಲ್ ಮತ್ತೊಮ್ಮೆ ಕಣ್ಣಿಗೆ ಹೋಯಿತು. ಸಭೆಯ ಕಡೆ ತಿರುಗಿ ವಿಷಯವನ್ನು ಮತಕ್ಕೆ ಹಾಕಿದರು.

"ಮೇಡಮ್ಮೋರು ಅಳ್ತಾ ಇಲ್ಲ ಅಂತ ಅಳ್ತಾ ಅಳ್ತಾ ಯೋಳವ್ರೆ. ಎಲ್ರೂ ಒಪ್ಕಂಡು ಕೈ ಎತ್ರಪ್ಪ."

ಎಲ್ಲರೂ ಒಂದು ಕೈ ಎತ್ತಿದರು. ಇನ್ನೊಂದು ಕೈ ಖಾಲಿ ಇರಲಿಲ್ಲ, ಅದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.